ಚಾಂದ್ ಕಾಣ್ತಾ? ಈದ್ ಯಾವಾಗ ಅಂತ ಹಿಂದಿನ ಸಂಜೆವರೆಗೂ ಯಾಕೆ ಗೊತ್ತಾಗುವುದಿಲ್ಲ

ಪ್ರತಿ ವರ್ಷ ರಂಜಾನ್ ತಿಂಗಳ ಕೊನೆ ವಾರ ಬಂತು ಅಂದ್ರೆ ಆಫೀಸಿನಲ್ಲಿ ನನಗೆ ಒಂದೇ ಪ್ರಶ್ನೆ. "ಸರ, ನಿಮ್ ಹಬ್ಬ ಸೋಮವಾರ ಅದನೋ ಮಂಗಳವಾರ ಅದನೋ?" ಗೊತ್ತಿಲ್ಲ ಅನ್ನುತ್ತೇನೆ. "ನಿಮ್ ಹಬ್ಬ ನಿಮಗೇ ಗೊತ್ತಿಲ್ಲಂದ್ರ ಹ್ಯಾಂಗ್ರಿ!" ಅಂತ ನಗುತ್ತಾರೆ. ಆದರೆ ನಾನು ತಮಾಷೆ ಮಾಡುತ್ತಿರುವುದಿಲ್ಲ. ನನಗಷ್ಟೇ ಅಲ್ಲ, ನಮ್ಮ ಓಣಿ ಮಸೀದಿಯ ಇಮಾಮ್ ಸಾಹೇಬರಿಗೂ ಗೊತ್ತಿರುವುದಿಲ್ಲ. ಕ್ಯಾಲೆಂಡರಿನಲ್ಲಿ ಕೆಂಪು ಅಕ್ಷರದಲ್ಲಿ ಅಚ್ಚಾಗಿರುವುದು ಒಂದು ಅಂದಾಜು, ಅಷ್ಟೇ. ತೀರ್ಮಾನ ಆಗುವುದು ಹಿಂದಿನ ದಿನ ಸಂಜೆ, ಹೊತ್ತು ಮುಳುಗಿದ ಮೇಲಿನ ಅರ್ಧ-ಮುಕ್ಕಾಲು ಗಂಟೆಯಲ್ಲಿ.

ಹೋದ ಸಲ ಒಬ್ಬ ಗೆಳೆಯನಿಗೆ ಚಹಾ ಅಂಗಡಿಯಲ್ಲಿ ಕೂತು ಇದನ್ನೆಲ್ಲ ಬಿಡಿಸಿ ಹೇಳಿದೆ. ಎರಡು ಕಪ್ ಚಹಾ ಆಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲ ಮುಗಿಸಿಬಿಡೋಣ. ನಮ್ಮ ಕಲಬುರಗಿ ಕಡೆ ಎಲ್ಲರೂ 'ರಂಜಾನ್ ಹಬ್ಬ' ಅನ್ನುತ್ತಾರೆ, ನಾವೂ ಅನ್ನುತ್ತೇವೆ. ಆದರೆ ರಂಜಾನ್ ಅನ್ನುವುದು ಹಬ್ಬದ ಹೆಸರಲ್ಲ, ತಿಂಗಳ ಹೆಸರು. ಇಸ್ಲಾಮಿ ವರ್ಷದ ಒಂಬತ್ತನೇ ತಿಂಗಳು. ರೋಜಾ, ಅಂದರೆ ಉಪವಾಸ, ಈ ತಿಂಗಳಿಡೀ ನಡೆಯುತ್ತದೆ. ತಿಂಗಳು ಮುಗಿದು ಹತ್ತನೇ ತಿಂಗಳಾದ ಶವ್ವಾಲ್ ಶುರುವಾದ ಮೊದಲ ದಿನವೇ ಈದ್-ಉಲ್-ಫಿತ್ರ್. ಅಂದರೆ ಹಬ್ಬ ಬರುವ ಹೊತ್ತಿಗೆ ರಂಜಾನ್ ಮುಗಿದೇ ಹೋಗಿರುತ್ತದೆ. ಆದ್ರೂ ಯಾರಾದರೂ 'ಹ್ಯಾಪಿ ರಂಜಾನ್' ಅಂತ ಕೈ ಕುಲುಕಿದರೆ ತಿದ್ದಲು ಹೋಗಬೇಡಿ ಅಂತ ನಮ್ಮ ಅಬ್ಬಾ ಹೇಳುತ್ತಿದ್ದರು. ಖುಷಿಯಿಂದ ಬಂದವರಿಗೆ ಪಾಠ ಮಾಡಬಾರದು. ನಾನು ಇಲ್ಲಿ ಮಾಡುತ್ತಿದ್ದೇನೆ, ಅದು ಬೇರೆ ಮಾತು.

ಈಗ ಚಂದ್ರನ ವಿಷಯ. ಇದು ನಮ್ಮ ಸೀಮೆಯವರಿಗೆ ಅರ್ಥ ಮಾಡಿಸುವುದು ಕಷ್ಟವೇ ಅಲ್ಲ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ ಭಜ್ಜಿ, ಸಜ್ಜೆ ರೊಟ್ಟಿ ತಿಂದವರಿಗೆ ಅಮಾವಾಸ್ಯೆ ಅಂದರೇನು ಅಂತ ಹೇಳಬೇಕಾ? ಅವತ್ತು ಚಂದ್ರ ಸೂರ್ಯನ ಪಕ್ಕದಲ್ಲೇ ಇರುತ್ತಾನೆ, ಬೆಳಗಿದ ಮುಖ ಆ ಕಡೆ ತಿರುಗಿರುತ್ತದೆ, ನಮಗೆ ಕಾಣುವುದಿಲ್ಲ. ಅಲ್ಲಿಂದ ದಿನಕ್ಕೆ ಸುಮಾರು 12 ಡಿಗ್ರಿಯಂತೆ ಸೂರ್ಯನಿಂದ ದೂರ ಸರಿಯುತ್ತಾ ಹೋಗುತ್ತಾನೆ. ಸ್ವಲ್ಪ ದೂರ ಸರಿದ ಮೇಲೆ ಒಂದು ಸಂಜೆ ಪಶ್ಚಿಮದಲ್ಲಿ, ಸೂರ್ಯ ಮುಳುಗಿದ ಜಾಗದ ಸ್ವಲ್ಪ ಮೇಲೆ, ಉಗುರು ಕತ್ತರಿಸಿ ಬಿಸಾಕಿದಂತಹ ಒಂದು ಗೆರೆ ಕಾಣುತ್ತದೆ. ಅದೇ 'ಹಿಲಾಲ್'. ಅದು ಕಂಡ ಕ್ಷಣಕ್ಕೆ ಇಸ್ಲಾಮಿ ತಿಂಗಳು ಬದಲಾಗುತ್ತದೆ. ಪಂಚಾಂಗಕ್ಕೆ ಅಮಾವಾಸ್ಯೆ ಮುಗಿದ ಗಳಿಗೆ ಸಾಕು. ನಮಗೆ ಗಳಿಗೆ ಸಾಕಾಗುವುದಿಲ್ಲ, ಕಣ್ಣಿಗೆ ಕಾಣಬೇಕು. ವ್ಯತ್ಯಾಸ ಇರುವುದೇ ಇಲ್ಲಿ.

ಕಾಣುವುದು ಅಷ್ಟು ಸುಲಭ ಅಲ್ಲ. ಅಮಾವಾಸ್ಯೆ ಮಧ್ಯಾಹ್ನ ಮುಗಿಯಿತು ಅಂದುಕೊಳ್ಳಿ. ಅವತ್ತು ಸಂಜೆ ಚಂದ್ರನ ವಯಸ್ಸು ಆರೇಳು ಗಂಟೆ, ಸೂರ್ಯನ ಹಿಂದೆಯೇ ಅವನೂ ಮುಳುಗಿಬಿಡುತ್ತಾನೆ, ಆಕಾಶದ ಕೆಂಪಿನಲ್ಲಿ ಆ ಗೆರೆ ಕಾಣುವ ಮಾತೇ ಇಲ್ಲ. ಸಾಮಾನ್ಯವಾಗಿ ಹದಿನೆಂಟು-ಇಪ್ಪತ್ತು ಗಂಟೆಯಾದರೂ ಆಗಬೇಕು. ಅದರ ಮೇಲೆ ಮೋಡ, ಧೂಳು. ಏಪ್ರಿಲ್‌ನಲ್ಲಿ ನಮ್ಮೂರಿನ ಸಂಜೆ ಧೂಳು ಗೊತ್ತಲ್ಲ? ಹಾಗಾಗಿ ಚಂದ್ರನ ಒಂದು ಸುತ್ತು ಸರಾಸರಿ 29.53 ದಿನ ಆದರೂ ತಿಂಗಳು ಒಮ್ಮೆ 29, ಒಮ್ಮೆ 30 ದಿನ ಬರುತ್ತದೆ. 29ನೇ ರೋಜಾದ ಸಂಜೆ ಚಂದ್ರ ಕಂಡರೆ ಮರುದಿನ ಈದ್. ಕಾಣಲಿಲ್ಲವಾ, 30 ಪೂರ್ತಿ ಮಾಡಿ, ಆಮೇಲೆ ನೋಡುವುದೇ ಬೇಡ, ಈದ್. 31ನೇ ರೋಜಾ ಅನ್ನುವುದೇ ಇಲ್ಲ.

2024ನ್ನು ನೆನಪು ಮಾಡಿಕೊಳ್ಳಿ. ಯುಗಾದಿ ಏಪ್ರಿಲ್ 9ಕ್ಕೆ ಇತ್ತು. ಅಮಾವಾಸ್ಯೆ ಮುಗಿದದ್ದು 8ರ ರಾತ್ರಿ, ಹನ್ನೆರಡಕ್ಕೆ ಸ್ವಲ್ಪ ಮುಂಚೆ. ಅದೇ ಅಮಾವಾಸ್ಯೆಗೆ ಅಮೆರಿಕದಲ್ಲಿ ಖಗ್ರಾಸ ಸೂರ್ಯಗ್ರಹಣ ಆಗಿತ್ತು. ಅಂದರೆ 9ರ ಸಂಜೆ ಚಂದ್ರನ ವಯಸ್ಸು 19 ಗಂಟೆ ಕೂಡ ಆಗಿರಲಿಲ್ಲ. ಕಂಡರೂ ಕಂಡೀತು, ಕಾಣದಿದ್ದರೂ ಇಲ್ಲ ಅನ್ನುವ ಹೊತ್ತು. ಕೇರಳದಲ್ಲಿ ಕಂಡಿತು ಅಂತ ತೀರ್ಮಾನವಾಗಿ ಅಲ್ಲಿ 10ಕ್ಕೆ ಈದ್, ಅವರ ಜೊತೆ ಹೋಗುವ ಮಂಗಳೂರು, ಉಡುಪಿ ಕಡೆಯವರಿಗೂ 10ಕ್ಕೇ. ನಮಗೆ ಕಾಣಲಿಲ್ಲ. ನಾವು ಮೂವತ್ತನೇ ರೋಜಾ ಇಟ್ಟು 11ಕ್ಕೆ ಹಬ್ಬ ಮಾಡಿದೆವು. ಒಂದೇ ರಾಜ್ಯ, ಎರಡು ದಿನ ಹಬ್ಬ. ಆಫೀಸಿನಲ್ಲಿ ಅವತ್ತು ನನಗೆ ಬಂದ ಪ್ರಶ್ನೆಗಳನ್ನು ನೀವೇ ಊಹಿಸಿ.

ಸೌದಿಯದ್ದು ಸಾಮಾನ್ಯವಾಗಿ ನಮಗಿಂತ ಒಂದು ದಿನ ಮುಂಚೆ ಬರುತ್ತದೆ. "ಅಲ್ಲಿ ಆಗಿಹೋಯ್ತಂತಲ್ಲ, ನಿಮಗೇನಾಗಿದೆ?" ಅಂತ ಕೇಳುವವರು ಜಾಸ್ತಿ. ಅಲ್ಲಿ ಸೂರ್ಯ ಮುಳುಗುವುದು ನಮಗಿಂತ ತಡವಾಗಿ. ಅಷ್ಟು ಹೊತ್ತಿಗೆ ಚಂದ್ರ ಇನ್ನಷ್ಟು ದೂರ ಸರಿದಿರುತ್ತಾನೆ, ಕಾಣುವ ಸಾಧ್ಯತೆ ಹೆಚ್ಚು. ಜೊತೆಗೆ ಅಲ್ಲಿ ತೀರ್ಮಾನ ಮಾಡುವ ಕ್ರಮವೇ ಬೇರೆ. ಇನ್ನೊಂದು ಊರಲ್ಲಿ ಕಂಡ ಚಂದ್ರ ನಮಗೆ ಎಷ್ಟು ದೂರದವರೆಗೆ ಲೆಕ್ಕ ಅನ್ನುವುದರ ಬಗ್ಗೆ ಆಲಿಮರಲ್ಲೇ, ಅಂದರೆ ಧರ್ಮ ಪಂಡಿತರಲ್ಲೇ, ಹಿಂದಿನಿಂದ ಭಿನ್ನಾಭಿಪ್ರಾಯ ಇದೆ. ಖಗೋಳ ಲೆಕ್ಕ ಹಾಕಿ ವರ್ಷದ ಮೊದಲೇ ತಾರೀಖು ಹೇಳಿಬಿಡಬಹುದಲ್ಲ ಅಂತ ನಮ್ಮ ಹುಡುಗರೂ ಕೇಳುತ್ತಾರೆ. ಟರ್ಕಿಯಂಥ ಕೆಲವು ಕಡೆ ಹಾಗೇ ಮಾಡುತ್ತಾರೆ. ನಮ್ಮಲ್ಲಿ ಇನ್ನೂ 'ಚಂದ್ರ ನೋಡಿ ರೋಜಾ ಶುರು ಮಾಡಿ, ಚಂದ್ರ ನೋಡಿ ಬಿಡಿ' ಅನ್ನುವ ಪ್ರವಾದಿಗಳ ಮಾತಿನ ಅಕ್ಷರಕ್ಕೇ ನಿಲ್ಲುತ್ತಾರೆ. ನನ್ನನ್ನು ಕೇಳಿದರೆ, ರಜೆ ಹಾಕುವಾಗ ನಾನು ಲೆಕ್ಕದ ಕಡೆ, ಸಂಜೆ ಮಾಳಗಿ ಹತ್ತಿದಾಗ ಕಣ್ಣಿನ ಕಡೆ.

ಇನ್ನೊಂದು ಪ್ರಶ್ನೆ ಇದೆ. ಹಬ್ಬ ಯಾಕೆ ಪ್ರತಿ ವರ್ಷ ಹಿಂದೆ ಹಿಂದೆ ಸರಿಯುತ್ತದೆ? ಹನ್ನೆರಡು ಚಾಂದ್ರಮಾನ ತಿಂಗಳು ಸೇರಿದರೆ 354 ದಿನ, ಕೆಲವೊಮ್ಮೆ 355. ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಈ ಕೊರತೆ ಹಿಂದೂ ಪಂಚಾಂಗಕ್ಕೂ ಇದೆ, ಆದರೆ ಅಲ್ಲಿ ಸುಮಾರು 32-33 ತಿಂಗಳಿಗೆ ಒಂದು ಅಧಿಕ ಮಾಸ ಸೇರಿಸಿ ಸರಿಮಾಡಿಕೊಳ್ಳುತ್ತಾರೆ. ಅದಕ್ಕೇ ಯುಗಾದಿ ಯಾವತ್ತೂ ಬೇವು ಚಿಗುರುವ ಕಾಲಕ್ಕೇ ಬರುತ್ತದೆ. ಇಸ್ಲಾಮಿ ಲೆಕ್ಕದಲ್ಲಿ ಅಧಿಕ ಮಾಸ ಇಲ್ಲ, ಸೇರಿಸುವುದಕ್ಕೆ ಅನುಮತಿಯೂ ಇಲ್ಲ. ಹಾಗಾಗಿ ರಂಜಾನ್ ಎಲ್ಲಾ ಕಾಲಗಳನ್ನೂ ಸುತ್ತುತ್ತದೆ. ಒಂದು ಸುತ್ತಿಗೆ ಸುಮಾರು 33 ವರ್ಷ. 2019ರಲ್ಲಿ ಹೆಚ್ಚುಕಡಿಮೆ ಇಡೀ ಮೇ ತಿಂಗಳು ರೋಜಾ. ಕಲಬುರಗಿಯ ಬಿಸಿಲು, ಸುಮಾರು ಹದಿನಾಲ್ಕು ಗಂಟೆ ಹನಿ ನೀರಿಲ್ಲ. ಈಗ ನಿಧಾನಕ್ಕೆ ಚಳಿಗಾಲಕ್ಕೆ ಸರಿಯುತ್ತಿದೆ. 2000ದಲ್ಲಂತೂ ಒಂದೇ ಇಸವಿಯಲ್ಲಿ ಎರಡು ಸಲ ರಂಜಾನ್ ಹಬ್ಬ ಬಂತು, ಜನವರಿಯಲ್ಲಿ ಒಂದು, ಡಿಸೆಂಬರ್‌ನಲ್ಲಿ ಒಂದು.

ಎರಡೂ ಪಂಚಾಂಗ ಅದೇ ಚಂದ್ರನ ಹಿಂದೆ ಓಡುವುದರಿಂದ ಒಂದು ಚೆಂದದ ಆಟ ನಡೆಯುತ್ತದೆ. ಈದ್ ಬರುವುದು ಅಮಾವಾಸ್ಯೆ ಆದ ಎರಡು-ಮೂರು ದಿನಕ್ಕೆ. ಅಂದರೆ ಬಿದಿಗೆ, ತದಿಗೆಯ ಹತ್ತಿರ. ಬಸವ ಜಯಂತಿ ಯಾವತ್ತು? ವೈಶಾಖ ಶುದ್ಧ ತದಿಗೆ, ಅಕ್ಷಯ ತೃತೀಯ. ಹಾಗಾಗಿ ಶವ್ವಾಲ್ ತಿಂಗಳು ವೈಶಾಖದ ಜೊತೆ ಕೂಡಿದ ವರ್ಷಗಳಲ್ಲಿ ಎರಡೂ ಒಂದೇ ದಿನ ಬರಬಹುದು. 2021ರ ಮೇ 14 ಹಾಗೆ ಬಂತು, ಆಗ ಲಾಕ್‌ಡೌನ್, ಯಾರೂ ಹೊರಗೆ ಇರಲಿಲ್ಲ. 2022ರ ಮೇ 3 ಮತ್ತೆ ಹಾಗೇ. ಬೆಳಿಗ್ಗೆ ನಾವು ನಮಾಜು ಮುಗಿಸಿ ಬರುವಾಗ ಆ ಕಡೆಯಿಂದ ಬಸವಣ್ಣನ ಮೆರವಣಿಗೆಗೆ ಸಿದ್ಧತೆ. 2023ರಲ್ಲಿ ಒಂದು ಅಧಿಕ ಮಾಸ ಬಂತು, ಅಧಿಕ ಶ್ರಾವಣ. ಪಂಚಾಂಗ ಒಂದು ತಿಂಗಳು ತಡವಾಯಿತು, ನಮ್ಮದು ನಿಲ್ಲಲಿಲ್ಲ. ಹಾಗಾಗಿ 2024ರಿಂದ ಈದ್ ವೈಶಾಖ ಬಿಟ್ಟು ಚೈತ್ರಕ್ಕೆ, ಯುಗಾದಿಯ ಮಗ್ಗುಲಿಗೆ ಬಂತು. 2026ರಲ್ಲಿ ಅಧಿಕ ಜ್ಯೇಷ್ಠ. ಅದಾದ ಮೇಲೆ 2027ರಲ್ಲಿ ಈದ್ ಇನ್ನೂ ಒಂದು ತಿಂಗಳು ಹಿಂದೆ, ಫಾಲ್ಗುಣಕ್ಕೆ ಹೋಗುತ್ತದೆ. ಇದನ್ನು ಹೇಳಿದಾಗ ಗೆಳೆಯ ಎರಡನೇ ಚಹಾ ತರಿಸಿದ.

2025 ಇನ್ನೂ ಚೆನ್ನಾಗಿತ್ತು. ಮಾರ್ಚ್ 30 ಭಾನುವಾರ ಯುಗಾದಿ. ನಮಗೆ 29ನೇ ರೋಜಾ. ಯುಗಾದಿ ಚಂದ್ರನನ್ನು ನೋಡಬೇಕು ಅಂತ ಪಕ್ಕದ ಮನೆಯವರು ಮಾಳಗಿ ಮೇಲೆ, ಈದ್ ಚಂದ್ರನನ್ನು ನೋಡಬೇಕು ಅಂತ ನಾವು ನಮ್ಮ ಮಾಳಗಿ ಮೇಲೆ. ಒಂದೇ ದಿಕ್ಕಿಗೆ ಮುಖ. ಮೊದಲು ಕಂಡದ್ದು ಆ ಮನೆಯ ಸಣ್ಣ ಹುಡುಗಿಗೆ. "ಅಕೋ, ಅಲ್ಲಿ ಅದ!" ಅಂತ ಕೂಗಿದಳು. ಮೂವತ್ತೊಂದಕ್ಕೆ ನಮ್ಮ ಈದ್.

ಆದರೆ ಒಬ್ಬರು ಕೂಗಿದ್ದು ಸಾಕಾಗುವುದಿಲ್ಲ, ಸಾಕ್ಷಿಗೆ ನಿಯಮ ಇದೆ. ರಂಜಾನ್ ಶುರುವಾಗುವುದಕ್ಕೆ, ಮೋಡ ಇದ್ದಾಗ, ನಂಬಿಕಸ್ಥ ಒಬ್ಬರ ಮಾತು ನಡೆಯುತ್ತದೆ. ಮುಗಿಯುವುದಕ್ಕೆ ಕನಿಷ್ಠ ಇಬ್ಬರು ಬೇಕು. ಆಕಾಶ ಸ್ವಚ್ಛ ಇದ್ದರೆ ಇಬ್ಬರೂ ಸಾಲದು, ತುಂಬಾ ಜನ ನೋಡಿರಬೇಕು, ಯಾಕಂದ್ರೆ ಸ್ವಚ್ಛ ಆಕಾಶದಲ್ಲಿ ಇಬ್ಬರಿಗೆ ಮಾತ್ರ ಕಂಡಿತು ಅಂದರೆ ಅನುಮಾನ ಪಡಬೇಕಾದ್ದೇ. ಇದು ಹನಫಿ ಪದ್ಧತಿ, ನಮ್ಮ ಕಡೆ ಹೆಚ್ಚಿನವರು ಅದರವರೇ. ಉಪವಾಸ ಹಿಡಿಯಲು ಒಬ್ಬ ಸಾಕು, ಬಿಡಲು ಇಬ್ಬರು ಬೇಕು ಅನ್ನುವುದರಲ್ಲಿ ಒಂದು ಜಾಣತನ ಇದೆ ಅಲ್ವಾ? ಹಸಿದವನಿಗೆ ಚಂದ್ರ ಬೇಗ ಕಾಣುತ್ತಾನೆ. ಸಾಕ್ಷಿ ಕೇಳಿ ತೀರ್ಮಾನ ಕೊಡುವುದು ರುಯತೆ ಹಿಲಾಲ್ ಕಮಿಟಿ, ಅಂದರೆ ಚಂದ್ರದರ್ಶನ ಸಮಿತಿ. ನಾವು ಬೆಂಗಳೂರಿನ ಸುದ್ದಿಗೂ ಕಾಯುತ್ತೇವೆ, ಹೈದರಾಬಾದಿನ ಸುದ್ದಿಗೂ ಕಿವಿ ಕೊಡುತ್ತೇವೆ. 1948ರವರೆಗೆ ನಿಜಾಮನ ಆಳ್ವಿಕೆ, 1956ರವರೆಗೆ ಹೈದರಾಬಾದ್ ರಾಜ್ಯ. ಆ ರೂಢಿ ಅಷ್ಟು ಬೇಗ ಹೋಗುವುದಿಲ್ಲ.

ಈ ಕಾಯುವ ಹೊತ್ತು ಇದೆಯಲ್ಲ, ಹೊತ್ತು ಮುಳುಗಿದಾಗಿನ ಮಗ್ರಿಬ್ ನಮಾಜಿನಿಂದ ರಾತ್ರಿಯ ಇಶಾ ನಮಾಜಿನವರೆಗೆ, ಅದು ನನಗೆ ವರ್ಷದಲ್ಲೇ ಅತಿ ಉದ್ದದ ಒಂದೂಕಾಲು ಗಂಟೆ. ಖರ್ಜೂರ ತಿಂದು ರೋಜಾ ಬಿಟ್ಟಾಗಿರುತ್ತದೆ. ಫೋನಿಗೆ ವಾಟ್ಸಾಪಿನಲ್ಲಿ ಚಂದ್ರನ ಫೋಟೋ ಮೇಲೆ ಫೋಟೋ. ಅರ್ಧ ಹಳೆಯ ವರ್ಷದವು. "ಚಾಂದ್ ದಿಖ್ಯಾ ಕ್ಯಾ?" ಅಂತ ಖಾಲಾ ಬೀದರಿನಿಂದ ಫೋನ್. "ನೈ ಖಾಲಾ, ಅಭಿ ನೈ." ಅಮ್ಮಿಗೆ ಬೇರೆ ಚಿಂತೆ. ನಾಳೆ ರೋಜಾ ಇದ್ದರೆ ಸಹರಿಗೆ, ಅಂದರೆ ಬೆಳಗಿನ ಜಾವದ ಊಟಕ್ಕೆ, ಅಡುಗೆ ಆಗಬೇಕು, ಈದ್ ಇದ್ದರೆ ಹಾಲು ತರಿಸಬೇಕು. ಐದು ಲೀಟರ್ ಹಾಲು ತರಬೇಕೋ ಬೇಡವೋ ಅನ್ನುವುದು ಆಕಾಶದಲ್ಲಿ ತೀರ್ಮಾನ ಆಗಬೇಕು. ನಿಮಗೆ ಒಂದು ಗುಟ್ಟು ಹೇಳುತ್ತೇನೆ. ಯಾರನ್ನೂ ಕೇಳಬೇಡಿ, ಇಶಾ ಆದ ಮೇಲೆ ಮಸೀದಿಯ ಕಡೆ ನೋಡಿ. ರಂಜಾನಿನ ಪ್ರತಿ ರಾತ್ರಿ ತರಾವೀಹ್ ಅನ್ನುವ ಉದ್ದದ ನಮಾಜು ಇರುತ್ತದೆ. ಅವತ್ತು ತರಾವೀಹ್ ಶುರುವಾಯಿತಾ, ನಾಳೆ ರೋಜಾ. ಜನ ಇಶಾ ಮುಗಿಸಿ ಚಪ್ಪಲಿ ಹಾಕಿಕೊಂಡು ನಗುತ್ತಾ ಹೊರಗೆ ಬಂದರಾ, ನಾಳೆ ಈದ್.

ಮೈಕಿನಲ್ಲಿ "ಚಾಂದ್ ನಜರ್ ಆಗಯಾ" ಅಂತ ಬಂದ ಕೂಡಲೇ ಓಣಿಯ ಬಣ್ಣವೇ ಬದಲಾಗುತ್ತದೆ. ಪಟಾಕಿ, ಹುಡುಗರ ಕೂಗು. "ಚಾಂದ್ ಮುಬಾರಕ್" ಅಂತ ಸಣ್ಣವರು ದೊಡ್ಡವರಿಗೆ ಸಲಾಂ ಮಾಡುತ್ತಾರೆ. ಇಪ್ಪತ್ತನೇ ರೋಜಾದ ಸಂಜೆಯಿಂದ ಮಸೀದಿಯಲ್ಲೇ ಇಎತಿಕಾಫ್, ಅಂದರೆ ಪ್ರಾರ್ಥನೆಗೆಂದು ಅಲ್ಲೇ ಉಳಿದು ಕೂತವರು, ಹತ್ತು ದಿನ ಮನೆ ಕಡೆ ತಲೆ ಹಾಕದವರು, ಆಗ ಎದ್ದು ಹೊರಗೆ ಬರುತ್ತಾರೆ. ಕೆಲವು ಕಡೆ ಅವರಿಗೆ ಹೂವಿನ ಹಾರ ಹಾಕಿ ಮನೆಗೆ ಕರೆದುಕೊಂಡು ಹೋಗುತ್ತಾರೆ.

ಇದೇ ಚಾಂದ್ ರಾತ್. ಹಬ್ಬದ 'ಹಿಂದಿನ ರಾತ್ರಿ' ಅಂತ ನಾವು ಹೇಳುತ್ತೇವೆ, ಲೆಕ್ಕದಲ್ಲಿ ಅದು ಹಬ್ಬದ ರಾತ್ರಿಯೇ. ಇಂಗ್ಲಿಷ್ ದಿನ ಮಧ್ಯರಾತ್ರಿಗೆ ಶುರು, ಪಂಚಾಂಗದ ದಿನ ಸೂರ್ಯ ಹುಟ್ಟಿದಾಗ, ಇಸ್ಲಾಮಿ ದಿನ ಸೂರ್ಯ ಮುಳುಗಿದಾಗ. ರಾತ್ರಿ ಮೊದಲು, ಹಗಲು ಆಮೇಲೆ. ಗುರುವಾರಕ್ಕೆ ನಾವು ಜುಮೇರಾತ್ ಅನ್ನುವುದು ಕೇಳಿದ್ದೀರಲ್ಲ, ಖಾಜಾ ಬಂದೇ ನವಾಜ್ ದರ್ಗಾಕ್ಕೆ ಜನ ಜಾಸ್ತಿ ಹೋಗುವ ದಿನ, ಅದರ ಅರ್ಥವೇ ಜುಮ್ಮಾದ ರಾತ್, ಶುಕ್ರವಾರದ ರಾತ್ರಿ. ಗುರುವಾರ ಸಂಜೆಗೇ ಶುಕ್ರವಾರ ಬಂದುಬಿಟ್ಟಿರುತ್ತದೆ. ಚಾಂದ್ ರಾತ್ ಕೂಡ ಹಾಗೇ.

ಈ ರಾತ್ರಿಗೆ ಆಲಿಮರು 'ಇನಾಮಿನ ರಾತ್ರಿ' ಅಂತ ಕರೆಯುತ್ತಾರೆ. ತಿಂಗಳಿಡೀ ದುಡಿದ ಕೂಲಿ ಸಿಗುವ ರಾತ್ರಿ, ಇಬಾದತ್ತಿನಲ್ಲಿ, ಅಂದರೆ ಪ್ರಾರ್ಥನೆಯಲ್ಲಿ, ಕಳೆಯಿರಿ ಅಂತ ಪ್ರತಿ ವರ್ಷ ಮಸೀದಿಯ ಬಯಾನಿನಲ್ಲಿ, ಪ್ರವಚನದಲ್ಲಿ, ಹೇಳುತ್ತಾರೆ. ಎಲ್ಲರೂ ತಲೆ ಆಡಿಸುತ್ತೇವೆ. ಆಮೇಲೆ ಎಲ್ಲರೂ ಮುಸ್ಲಿಂ ಚೌಕಿನಲ್ಲಿ, ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಸಿಗುತ್ತೇವೆ. ರಾತ್ರಿ ಎರಡು ಗಂಟೆಗೂ ಕಾಲಿಡಲು ಜಾಗ ಇರುವುದಿಲ್ಲ. ಬಳೆ, ಮೆಹಂದಿ ಕೋನ್, ಟೋಪಿ, ಅತ್ತರ್, ಸುರ್ಮಾ, ಮಕ್ಕಳ ಚಪ್ಪಲಿ. ಬಳೆ ಇಡಿಸಿಕೊಳ್ಳಲು ಹುಡುಗಿಯರ ಸಾಲು, ಅಂಗಡಿಯ ಬಳೆಗಾರ್ತಿ ಹಣೆ ತುಂಬಾ ಕುಂಕುಮ ಇಟ್ಟುಕೊಂಡ ಅವ್ವ, "ಕೈ ಸಡ್ಲ ಬಿಡು ತಂಗಿ" ಅಂತ ಗದರುತ್ತಾಳೆ. ತಿಂಗಳಿಡೀ ಸಮಯ ಇದ್ದರೂ ಯಾಕೆ ಕೊನೇ ರಾತ್ರಿ ಬರುತ್ತಾರೆ ಅಂತ ಕೇಳಬೇಡಿ. ಬೇಕಾದ್ದು ಬಳೆ ಅಲ್ಲ, ಆ ಗದ್ದಲ.

ದರ್ಜಿಯ ಕಥೆ ಇಲ್ಲದ ಚಾಂದ್ ರಾತ್ ಇಲ್ಲ. ಒಂದು ವರ್ಷ ನಾನು ಹತ್ತನೇ ರೋಜಾಕ್ಕೇ ಬಟ್ಟೆ ಕೊಟ್ಟಿದ್ದೆ. "ಇಪ್ಪತ್ತೈದಕ್ಕೆ ಬಾ" ಅಂದರು. ಹೋದೆ. "ಇಪ್ಪತ್ತೇಳಕ್ಕೆ." ಚಾಂದ್ ರಾತ್ರಿಗೆ ಹೋದರೆ ಅಂಗಡಿಯ ಮುಂದೆ ನನ್ನಂಥವರು ಹದಿನೈದು ಜನ ಕೂತಿದ್ದರು. ಬೆಳಗಿನ ಜಾವ ಮೂರೂವರೆಗೆ ಕುರ್ತಾ ಕೈಗೆ ಬಂತು. ಪೈಜಾಮ ಬೇರೆ ಯಾರದ್ದೋ. ಹಬ್ಬದ ದಿನ ನಾನು ಹೊಸ ಕುರ್ತಾ, ಹಳೇ ಪ್ಯಾಂಟ್.

ಮನೆಯಲ್ಲಿ ಅಷ್ಟು ಹೊತ್ತಿಗೆ ಶೀರ್ ಖುರ್ಮಾದ ಕೆಲಸ ನಡೆದಿರುತ್ತದೆ. ಫಾರ್ಸಿಯಲ್ಲಿ ಶೀರ್ ಅಂದರೆ ಹಾಲು, ಖುರ್ಮಾ ಅಂದರೆ ಖರ್ಜೂರ. ಹೆಸರಲ್ಲೇ ಅಡುಗೆ ಇದೆ. ನಮ್ಮ ಮನೆಯಲ್ಲಿ ಹಸಿ ಖರ್ಜೂರ ಅಲ್ಲ, ಉತ್ತತ್ತಿ ಹಾಕುತ್ತಾರೆ. ರಾತ್ರಿ ನೆನೆಸಿ, ಬೀಜ ತೆಗೆದು, ಉದ್ದಕ್ಕೆ ಸಣ್ಣಗೆ ಹೆಚ್ಚಬೇಕು. ಬಾದಾಮಿ ನೆನೆಸಿ ಸಿಪ್ಪೆ ಸುಲಿದು ಹೆಚ್ಚಬೇಕು. ಪಿಸ್ತಾ, ಚಾರೋಳಿ, ಒಣದ್ರಾಕ್ಷಿ ತುಪ್ಪದಲ್ಲಿ ಹುರಿಯಬೇಕು. ಎಳೆ ಸಣ್ಣ ಇರುವ ಶ್ಯಾವಿಗೆಯನ್ನು ಬೇರೆ ಹುರಿದು, ಹಾಲು ಕುದ್ದು ಸ್ವಲ್ಪ ಕಡಿಮೆಯಾದ ಮೇಲೆ ಎಲ್ಲ ಸೇರಿಸಬೇಕು. ಶ್ಯಾವಿಗೆ ಜಾಸ್ತಿ ಹಾಕಿದರೆ ಹತ್ತು ನಿಮಿಷದಲ್ಲಿ ಗಟ್ಟಿಯಾಗಿ ಪಾಯಸ ಆಗುತ್ತದೆ. ಶೀರ್ ಖುರ್ಮಾ ಕುಡಿಯುವ ಹಾಗಿರಬೇಕು ಅನ್ನುವುದು ಅಮ್ಮಿಯ ಕಟ್ಟಪ್ಪಣೆ. ಹೆಚ್ಚುವ ಕೆಲಸ ಗಂಡಸರಿಗೂ ಇದೆ, ನಮ್ಮ ಮನೆಯಲ್ಲಂತೂ ಇದೆ. ಒಂದು ಕಡೆ ಮೆಹಂದಿ ಹಚ್ಚಿಕೊಂಡು ಕೈ ಚಾಚಿ ಕೂತವರು, ಇನ್ನೊಂದು ಕಡೆ ಬಾದಾಮಿ ಸುಲಿಯುವವರು. ಮೆಹಂದಿ ಹಚ್ಚಿಕೊಂಡರೆ ಕೆಲಸ ತಪ್ಪುತ್ತದೆ ಅನ್ನುವುದು ಅಕ್ಕ ಚಿಕ್ಕಂದಿನಲ್ಲೇ ಕಂಡುಕೊಂಡ ಸತ್ಯ.

ಇದೆಲ್ಲದರ ನಡುವೆ ಒಂದು ಮುಖ್ಯ ಲೆಕ್ಕ ಮುಗಿಯಬೇಕು. ಫಿತ್ರಾ. ಈದ್-ಉಲ್-ಫಿತ್ರ್ ಅನ್ನುವ ಹೆಸರಿನ ಜೊತೆಗೇ ಇರುವ ದಾನ ಇದು. ಮನೆಯಲ್ಲಿ ಎಷ್ಟು ತಲೆ ಇದೆಯೋ ಅಷ್ಟು, ನಿನ್ನೆ ಹುಟ್ಟಿದ ಕೂಸಿನದ್ದೂ ಸೇರಿ, ಒಂದು ತಲೆಗೆ ಒಂದೂಮುಕ್ಕಾಲರಿಂದ ಎರಡು ಕಿಲೋ ಗೋಧಿ ಅಥವಾ ಅದರ ಬೆಲೆ. ಖರ್ಜೂರ, ಒಣದ್ರಾಕ್ಷಿ ಲೆಕ್ಕದಲ್ಲಿ ಕೊಟ್ಟರೆ ಅದರ ಎರಡರಷ್ಟು ತೂಕ, ಅನುಕೂಲಸ್ಥರು ಹಾಗೆ ಕೊಡುವುದು ಚೆಂದ. ನಾವು ತಿನ್ನುವುದು ಜೋಳದ ರೊಟ್ಟಿ ಆದರೂ ಲೆಕ್ಕ ಮಾತ್ರ ಗೋಧಿಯದ್ದು. ಇದನ್ನು ಈದ್ ನಮಾಜಿಗೆ ಮುಂಚೆಯೇ ಬಡವರ ಕೈಗೆ ಮುಟ್ಟಿಸಬೇಕು. ಕಾರಣ ಸರಳ. ಅವರ ಮನೆಯಲ್ಲೂ ಅವತ್ತು ಒಲೆ ಹತ್ತಬೇಕು. ಹಬ್ಬ ಮುಗಿದ ಮೇಲೆ ಕೊಟ್ಟರೆ ಅದು ಬರೀ ದಾನ. ಎಷ್ಟೋ ಮಂದಿ ಇದನ್ನು ಜಕಾತ್ ಜೊತೆ ಕಲಸುತ್ತಾರೆ. ಜಕಾತ್ ಬೇರೆ, ಅದು ಆಸ್ತಿಯ ಮೇಲಿನದ್ದು. ಏಳೂವರೆ ತೊಲ ಬಂಗಾರ ಅಥವಾ ಐವತ್ತೆರಡೂವರೆ ತೊಲ ಬೆಳ್ಳಿಯ ಬೆಲೆಯಷ್ಟು ಉಳಿತಾಯ ಒಂದು ಚಾಂದ್ರಮಾನ ವರ್ಷ ಕೈಯಲ್ಲಿದ್ದರೆ ಅದರ ನೂರಕ್ಕೆ ಎರಡೂವರೆ ಪಾಲು. ರಂಜಾನಿನಲ್ಲೇ ಕೊಡಬೇಕು ಅಂತಿಲ್ಲ, ಪುಣ್ಯ ಹೆಚ್ಚು ಅಂತ ಜನ ಆಗ ಕೊಡುತ್ತಾರೆ.

ಬೆಳಿಗ್ಗೆ ಸ್ನಾನ, ಇರುವುದರಲ್ಲಿ ಒಳ್ಳೆಯ ಬಟ್ಟೆ, ಅತ್ತರ್. ಒಂದು ತಿಂಗಳು ಹಗಲು ಬಾಯಿಗೆ ಏನೂ ಹಾಕದವರು ಅವತ್ತು ಮಾತ್ರ ನಮಾಜಿಗೆ ಹೋಗುವ ಮುಂಚೆಯೇ ಏನಾದರೂ ತಿನ್ನಬೇಕು. ಖರ್ಜೂರ ಆದರೆ ಒಂದು, ಮೂರು, ಐದು ಹೀಗೆ ಬೆಸ ಸಂಖ್ಯೆ. ಈದ್ ದಿನ ರೋಜಾ ಇಡುವುದು ನಿಷಿದ್ಧ. ದೇವರು ಊಟಕ್ಕೆ ಕರೆದ ದಿನ ಉಪವಾಸ ಕೂತರೆ ಹೇಗೆ?

ನಮಾಜು ಈದ್ಗಾದಲ್ಲಿ. ಈದ್ಗಾ ಅಂದರೆ ಒಂದು ಬಯಲು, ಪಶ್ಚಿಮಕ್ಕೆ ಒಂದು ಗೋಡೆ, ಮೇಲೆ ಆಕಾಶ. ನಮ್ಮ ಕೋಟೆಯೊಳಗಿನ ಜಾಮಿಯಾ ಮಸೀದಿ ಇದಕ್ಕೆ ಪೂರಾ ಉಲ್ಟಾ. ಬಹಮನಿಗಳ ಕಾಲದ್ದು, 1367ರದ್ದು, ಒಂದಿಂಚೂ ತೆರೆದ ಅಂಗಳ ಇಲ್ಲದೆ ಇಡೀ ಮಸೀದಿ ಗುಮ್ಮಟಗಳ ಕೆಳಗಿದೆ. ಸಾಮಾನ್ಯವಾಗಿ ಮಸೀದಿಗೆ ಅಂಗಳ ಇರುತ್ತದೆ, ಅದಕ್ಕೇ ಅದನ್ನು ನೋಡಲು ದೂರದಿಂದ ಬರುತ್ತಾರೆ. ಈದ್ ನಮಾಜಿನ ಆಸೆ ಮಾತ್ರ ಬಯಲಿನದ್ದು. ಇಡೀ ಊರು ಒಂದೇ ಕಡೆ ಸೇರಬೇಕು. ಜಾಗ ಸಾಲದೆ ಈಗ ಓಣಿ ಮಸೀದಿಗಳಲ್ಲೂ ಆಗುತ್ತದೆ. ನಮ್ಮ ಕಡೆ ಹೆಂಗಸರು ಹೆಚ್ಚಾಗಿ ಮನೆಯಲ್ಲೇ ಉಳಿಯುತ್ತಾರೆ. ಕೆಲವು ಜಮಾತಿನವರು ಅವರಿಗೂ ಪರದೆ ಕಟ್ಟಿ ಜಾಗ ಮಾಡುತ್ತಾರೆ. ಎಲ್ಲ ಕಡೆ ಮಾಡಿದರೆ ಒಳ್ಳೆಯದು ಅಂತ ನನ್ನ ಅನಿಸಿಕೆ, ಅಮ್ಮಿಯದ್ದೂ ಹೌದು.

ಈ ನಮಾಜು ದಿನದ ನಮಾಜಿನ ಹಾಗಲ್ಲ. ಅಜಾನ್ ಇಲ್ಲ, ನಮಾಜು ಶುರುವಾಗುವಾಗ ಹೇಳುವ ಇಕಾಮತ್ ಇಲ್ಲ. ಎರಡೇ ರಕಾತ್ (ನಿಂತು, ಬಾಗಿ, ಹಣೆ ನೆಲಕ್ಕೆ ಮುಟ್ಟಿಸುವ ಒಂದು ಸುತ್ತಿಗೆ ಒಂದು ರಕಾತ್), ಆದರೆ ಆರು ತಕ್ಬೀರ್, ಅಂದರೆ 'ಅಲ್ಲಾಹು ಅಕ್ಬರ್' ಅನ್ನುವುದು, ಹೆಚ್ಚು. ಮೊದಲ ರಕಾತಿನ ಶುರುವಿನಲ್ಲಿ ಮೂರು, ಎರಡನೇ ರಕಾತಿನಲ್ಲಿ ಬಾಗುವ ಮುಂಚೆ ಮೂರು. ಕರಾವಳಿಯ ಶಾಫಿ ಪದ್ಧತಿಯವರು ಏಳು ಮತ್ತು ಐದು ಹೇಳುತ್ತಾರೆ. ವರ್ಷಕ್ಕೆ ಎರಡೇ ಸಲ ಬರುವ ನಮಾಜು, ಯಾರಿಗೂ ನೆನಪಿರುವುದಿಲ್ಲ. ಇಮಾಮ್ ಸಾಹೇಬರು ಮುಂಚೆಯೇ ಮೈಕಿನಲ್ಲಿ "ಮೊದಲೆರಡಕ್ಕೆ ಕೈ ಎತ್ತಿ ಬಿಡಿ, ಮೂರನೆಯದಕ್ಕೆ ಕಟ್ಟಿಕೊಳ್ಳಿ" ಅಂತ ಪಾಠ ಮಾಡುತ್ತಾರೆ. ಆದ್ರೂ ಎರಡನೇ ರಕಾತಿನಲ್ಲಿ ಮೊದಲ ತಕ್ಬೀರಿಗೇ ಯಾರಾದರೂ ಬಾಗಿಬಿಡುತ್ತಾರೆ, ಪಕ್ಕದವನ ಕೈ ನೋಡಿ ಗಡಬಡಿಸಿ ಏಳುತ್ತಾರೆ. ಹೆಚ್ಚಾಗಿ ಅದು ನಾನೇ. ಶುಕ್ರವಾರದ ಖುತ್ಬಾ, ಅಂದರೆ ಇಮಾಮರ ಪ್ರವಚನ, ನಮಾಜಿಗೆ ಮುಂಚೆ, ಈದಿನದ್ದು ನಮಾಜು ಆದ ಮೇಲೆ. ಹೋದ ದಾರಿ ಒಂದು, ಬರುವ ದಾರಿ ಇನ್ನೊಂದು, ಇದು ಸುನ್ನತ್, ಪ್ರವಾದಿಗಳ ರೂಢಿ. ಎರಡು ದಾರಿಯಲ್ಲಿ ಬಂದರೆ ಎರಡರಷ್ಟು ಜನ ಸಿಗುತ್ತಾರೆ, ಎರಡರಷ್ಟು ಅಪ್ಪುಗೆ. ನಾವು ಬರುವ ದಾರಿಯಲ್ಲಿ ಕಬ್ರಸ್ತಾನ್ ಇದೆ. ಅಬ್ಬಾಗೆ ಅಲ್ಲೇ ಈದ್ ಸಲಾಂ.

ಆಮೇಲಿನದ್ದು ನಿಮಗೆ ಗೊತ್ತಿದ್ದದ್ದೇ. ಶೀರ್ ಖುರ್ಮಾ, ಮಧ್ಯಾಹ್ನ ಬಿರಿಯಾನಿ, ಮಕ್ಕಳಿಗೆ ಈದಿ. ಗರಿಗರಿ ಹೊಸ ನೋಟು ಬೇಕು ಅವಕ್ಕೆ. ಹಳೇ ನೋಟು ಕೊಟ್ಟರೆ ಮುಖ ಸಣ್ಣ ಮಾಡುತ್ತವೆ. ಈಗ ದೊಡ್ಡ ಹುಡುಗರು ಫೋನ್ ಮುಂದೆ ಹಿಡಿದು "ಸ್ಕ್ಯಾನ್ ಮಾಡಿ ಮಾಮು" ಅನ್ನುತ್ತಾರೆ. ಸುಮ್ನೆ ಮಾಡುತ್ತೇನೆ.

ಬಕ್ರೀದಿಗೆ ಇಂಥ ಚಾಂದ್ ರಾತ್ ಯಾಕಿಲ್ಲ ಅಂತ ಗೆಳೆಯ ಕೇಳಿದ. ಅದು ಜಿಲ್‌ಹಿಜ್ಜಾ ತಿಂಗಳ ಹತ್ತನೇ ದಿನ. ಚಂದ್ರ ಕಂಡು ಒಂಬತ್ತು ದಿನ ಆಗಿರುತ್ತದೆ, ಅವಸರ ಇಲ್ಲ, ರಜೆ ಅರ್ಜಿಯೂ ನೆಮ್ಮದಿಯಿಂದ ಕೊಡಬಹುದು. ಹಬ್ಬದ ನಮಾಜು ಆದ ಮೇಲೆ ಕುರ್ಬಾನಿ, ಮಾಂಸದಲ್ಲಿ ಮನೆಗೊಂದು ಪಾಲು, ನೆಂಟರಿಗೊಂದು, ಬಡವರಿಗೊಂದು. ಹತ್ತನೇ ದಿನ ಅಂದ ಮೇಲೆ ಏಕಾದಶಿಯ ಹತ್ತಿರವೇ ಬರಬೇಕಲ್ಲ? 2023ರಲ್ಲಿ ಜೂನ್ 29ಕ್ಕೆ ಬಕ್ರೀದ್, ಅವತ್ತೇ ಆಷಾಢ ಏಕಾದಶಿ, ನಮ್ಮೂರಿನ ಎಷ್ಟೋ ಮಂದಿ ಪಂಢರಪುರದಲ್ಲಿದ್ದರು. ಎರಡು ಈದ್‌ಗಳ ನಡುವೆ ಬರುವ ಜಿಲ್‌ಖಾದಾ ತಿಂಗಳ 15, 16, 17ಕ್ಕೆ ಖಾಜಾ ಬಂದೇ ನವಾಜರ ಉರುಸು. ಹಾಗಾಗಿ ಉರುಸು ಯಾವಾಗ ಅಂತಲೂ ನನ್ನನ್ನು ಈಗ ಕೇಳಬೇಡಿ, ಚಂದ್ರನನ್ನೇ ಕೇಳಬೇಕು.

ಈದಿನ ಮರುದಿನ ನಮ್ಮ ಮನೆಗೆ ಬರುವವರಿಗೆ ಒಂದು ಮಾತು. ಉಳಿದ ಬಿರಿಯಾನಿ ಬಿಸಿ ಮಾಡಿ ಬಡಿಸುತ್ತೇವೆ, ಅಮ್ಮಿ ಮಾತ್ರ ತಟ್ಟೆ ಹಾಕಿಕೊಳ್ಳುವುದಿಲ್ಲ. ಶವ್ವಾಲ್ ತಿಂಗಳಲ್ಲಿ ಇನ್ನೂ ಆರು ರೋಜಾ ಇಟ್ಟರೆ ವರ್ಷವಿಡೀ ಇಟ್ಟಷ್ಟು ಪುಣ್ಯ ಅಂತ ಹದೀಸಿನಲ್ಲಿ, ಪ್ರವಾದಿಗಳ ಮಾತಿನಲ್ಲಿ, ಇದೆ. ಕಡ್ಡಾಯ ಅಲ್ಲ, ಮರುದಿನವೇ ಶುರು ಮಾಡಬೇಕು ಅಂತಲೂ ಇಲ್ಲ. ನಾವೆಲ್ಲ ನಾಳೆ, ನಾಡಿದ್ದು ಅನ್ನುತ್ತಾ ತಿಂಗಳು ದಾಟಿಸುತ್ತೇವೆ. ಅಮ್ಮಿ ಮರುದಿನವೇ ಸಹರಿಗೆ ಎದ್ದಿರುತ್ತಾಳೆ, ಹಿಂದಿನ ದಿನದ ಶೀರ್ ಖುರ್ಮಾ ಒಂದು ಬಟ್ಟಲು ಕುಡಿದು.